ಹನ್ನೆರಡನೆಯ ಗೆಣ್ಣು

ಆಯಿ ದಣಿಯದೆ ಇದ್ದದ್ದನ್ನು ನಾನು ನೋಡಿಯೇ ಇಲ್ಲ. ಬೆಳಿಗ್ಗೆ ಎಂಟಕ್ಕೆ ದವಾಖಾನೆಯ ಕಟ್ಟೆ ಹತ್ತುವಾಗಲೇ ಆಕೆ ಒಂದು ದಿನದ ದುಡಿತ ಮುಗಿಸಿ ಬಂದವಳಂತೆ ಕಾಣುತ್ತಿದ್ದಳು. ಇದ್ದದ್ದು ಮೂರೇ ಮೆಟ್ಟಿಲು. ಎರಡನೆಯದರ ಮೇಲೆ ನಿಂತು, ಗೋಡೆಗೆ ಕೈ ಕೊಟ್ಟು, ಗೋಳಗುಮ್ಮಟದ ಕಡೆ ಒಮ್ಮೆ ಹೊರಳಿ ನೋಡಿ "ಸಾಕಾತಪ್ಪಾ" ಎನ್ನುವಳು. ಆಮೇಲೆ ಮೂರನೆಯದು. ಆ ಮಾತಿನಲ್ಲಿ ದೂರು ಇರಲಿಲ್ಲ. ಉಳಿದವರು "ಶಿವನೇ" ಎನ್ನುವ ಕಡೆ ಆಕೆ ಅದನ್ನು ಅನ್ನುತ್ತಿದ್ದಳು, ಅಷ್ಟೆ. ಕೂತಾಗಲೂ ಎದ್ದಾಗಲೂ, ರೊಟ್ಟಿಯ ಗಂಟು ಬಿಚ್ಚಿದಾಗಲೂ ಅದೇ.

ಗುಮ್ಮಟದ ಹಿಂದಿನ ಓಣಿಯಲ್ಲಿ, ಯಾರೋ ಪುಣ್ಯಾತ್ಮರು ಬಿಟ್ಟುಹೋದ ಮನೆಯ ಪಡಸಾಲೆಯಲ್ಲಿ ನಡೆಯುತ್ತಿದ್ದ ಧರ್ಮದ ದವಾಖಾನೆ ಅದು. ನಾನು ಪುಣೆಯಲ್ಲಿ ಕಂಪೌಂಡರಿಕೆ ಕಲಿತು, ಪರೀಕ್ಷೆ ಪಾಸಾಗಿ, ಯುದ್ಧದ ಮೊದಲ ವರ್ಷಗಳಲ್ಲಿ ಅಲ್ಲಿಗೆ ಬಂದು ಸೇರಿದೆ. ಒಳಕೋಣೆಯಲ್ಲಿ ವಯಸ್ಸಾದ ಡಾಕ್ಟರು. ಹೊರಗೆ ಔಷಧದ ಮೇಜಿಗೆ ನಾನು. ನನ್ನ ಪಕ್ಕದಲ್ಲಿ, ನೆಲದ ಮೇಲೆ, ಕಾಲು ಚಾಚಿಕೊಂಡು ಆಯಿ. ಆಕೆಯ ಕೆಲಸ ಪುಡಿ ಕಟ್ಟುವುದು. ಗುಳಿಗೆಗಳನ್ನು ಕಲ್ಲಿನಲ್ಲಿ ಅರೆದು, ಹಳೆಯ ಕಾಗದದ ಚೂರುಗಳಲ್ಲಿ ಒಂದೊಂದು ಹೊತ್ತಿನದನ್ನು ಮಡಚಿ, ರೋಗಿಗಳಿಗೆ ಕೊಡುವುದು. ಹಾಜರಿ ಪುಸ್ತಕದಲ್ಲಿ ನಮ್ಮೆಲ್ಲರ ಹೆಸರಿತ್ತು. ಆಕೆಯ ಸಾಲಿನಲ್ಲಿ ಮಾತ್ರ "ಪುಡಿ ಕಟ್ಟುವ ಬಾಯಿ", ಅಂದರೆ ಪುಡಿ ಕಟ್ಟುವ ಹೆಂಗಸು, ಎಂದಷ್ಟೇ ಇತ್ತು. ಡಾಕ್ಟರು ಆಯಿ ಎನ್ನುತ್ತಿದ್ದರು, ನಾನೂ ಆಯಿ ಎಂದೆ, ಬಂದ ರೋಗಿಗಳೂ ಹಾಗೇ. ಊರು ಬಬಲೇಶ್ವರ, ಗಂಡ ತೀರಿ ಬಹಳ ವರ್ಷವಾಗಿದೆ ಎಂಬುದಷ್ಟು ಗೊತ್ತಿತ್ತು. ಅದಕ್ಕಿಂತ ಹೆಚ್ಚು ಕೇಳಬೇಕೆಂದು ನಮಗ್ಯಾರಿಗೂ ಅನಿಸಲಿಲ್ಲ.

ಆಕೆಗೆ ಓದು ಬರುತ್ತಿರಲಿಲ್ಲ. ಔಷಧಗಳೋ ಎಲ್ಲವೂ ಬಿಳಿ. ಸೋಡಾ ಬಿಳಿ, ಕ್ವಿನೈನು ಬಿಳಿ, ಹೊಸದಾಗಿ ಬಂದ ಸಲ್ಫಾ ಪುಡಿಯೂ ಬಿಳಿ. ಈ ಕೊನೆಯದು ಆಗ ನಮಗೆ ಬಂಗಾರಕ್ಕಿಂತ ಹೆಚ್ಚು. ಕೀವು ತುಂಬಿದ ಕಾಲು, ಬಾಣಂತಿಯ ಜ್ವರ, ಮುಖದ ಮೇಲೆ ಹಬ್ಬುವ ಸರ್ಪಸುತ್ತಿನಂಥ ಕೆಂಪು ಬಾವು, ಇವಕ್ಕೆ ಅದನ್ನು ಬಿಟ್ಟರೆ ಇನ್ನೊಂದಿಲ್ಲ. ಯುದ್ಧದಿಂದಾಗಿ ಸರಿಯಾಗಿ ಬರುತ್ತಲೂ ಇರಲಿಲ್ಲ. ಆ ಶೀಶೆಯ ಮೇಲೆ ಅದರ ಪೂರ್ತಿ ಹೆಸರು ಅಚ್ಚಾಗಿತ್ತು: ಪ್ಯಾರಾಅಮೈನೋಬೆಂಝೀನ್‌ಸಲ್ಫೋನಮೈಡ್.

ನಾನು ಬಂದ ಮೊದಲ ದಿನವೇ ಆಕೆ ಅದನ್ನು ಹೇಳುವುದನ್ನು ಕೇಳಿ ನನ್ನ ಕೈಯಲ್ಲಿದ್ದ ಅಳತೆಗಿಂಡಿ ನಿಂತಲ್ಲೇ ನಿಂತಿತು. ಪ್ರತಿಯೊಂದು ಪುಡಿಕೆ ಮಡಚುವಾಗಲೂ ಎಡಗೈಯ ಹೆಬ್ಬೆರಳನ್ನು ತೋರುಬೆರಳಿನ ಬುಡದ ಗೆಣ್ಣಿಗೆ ಇಟ್ಟು ಶುರು ಮಾಡುವಳು. ಪ್ಯಾ, ರಾ, ಅ. ತೋರುಬೆರಳು ಮುಗಿಯಿತು. ಮೈ, ನೋ, ಬೆನ್. ನಡುಬೆರಳು. ಝೀನ್, ಸಲ್, ಫೋ. ಉಂಗುರಬೆರಳು. ಕಿರುಬೆರಳಿಗೆ ಬಂದು: ನ, ಮೈಡ್. ಮೂರು, ಮೂರು, ಮೂರು, ಎರಡು. ಜಪ ಮಾಡುವವರು ಎಣಿಸುವುದು ಹೀಗೇ, ನಾಲ್ಕು ಬೆರಳಿಗೆ ಹನ್ನೆರಡು ಗೆಣ್ಣು. ಆಕೆಯ ಹೆಬ್ಬೆರಳು ಹನ್ನೆರಡನೆಯದಕ್ಕೆ, ಕಿರುಬೆರಳಿನ ತುದಿಗೆ ಬಂದು, ಅಲ್ಲಿ ಕಾಯುತ್ತ ನಿಲ್ಲುತ್ತಿತ್ತು. ಆಮೇಲೆ ತಲೆ ಎತ್ತಿ ಎದುರಿನವರನ್ನು ಕೇಳುವಳು.

"ಯಾರಿಗಿದು? ಹೆಸರು ಹೇಳು."

ಅವರು ಹೆಸರು ಹೇಳಿದ ಮೇಲೆ, ಅದನ್ನು ತಾನೂ ಒಮ್ಮೆ ಹೇಳಿ, ತುದಿಯ ಗೆಣ್ಣನ್ನು ಒತ್ತಿ, ಪುಡಿಕೆ ಕೊಡುವಳು. ಡಾಕ್ಟರು ಎಂದೋ ಒಂದು ಬಿಡುವಿನ ಮಧ್ಯಾಹ್ನ ಆ ಶೀಶೆ ಹಿಡಿದು ಒಂದೊಂದೇ ಸೊಲ್ಲು ಬಿಡಿಸಿ ಹೇಳಿಕೊಟ್ಟರಂತೆ. ಕ್ವಿನೈನಿನ ಹೆಸರು ಗಿಡ್ಡ, ಸೋಡಾದ್ದು ಇನ್ನೂ ಗಿಡ್ಡ. ಅವಕ್ಕೆ ಅಷ್ಟಷ್ಟೇ ಗೆಣ್ಣು ಮುಟ್ಟಿ, ನಡುವಿನವನ್ನು ಸುಮ್ಮನೆ ದಾಟಿ, ತುದಿಗೆ ಬಂದೇ ನಿಲ್ಲುತ್ತಿದ್ದಳು. ಹೆಸರಿಲ್ಲದೆ ಪುಡಿಕೆ ಆಕೆಯ ಕೈಬಿಟ್ಟು ಹೋಗುತ್ತಿರಲಿಲ್ಲ.

ನಾನು ಹೊಸದಾಗಿ ಕಲಿತವನು, ಸುಮ್ಮನಿರುತ್ತೇನೆಯೇ? ಆಕೆ ಕಡಿಯುವುದು ತಪ್ಪು ಎಂದೆ. ಸಲ್ಫೋನ್ ಒಂದು ತುಂಡು, ಅಮೈಡ್ ಒಂದು ತುಂಡು. ಆ "ನ" ಎಂಬುದನ್ನು ಹಿಂದಿನದರಿಂದ ಕಿತ್ತು ಮುಂದಿನದಕ್ಕೆ ಹಚ್ಚಬಾರದು. ಝೀನ್ ಎಂಬುದನ್ನು ಅಷ್ಟು ಎಳೆಯಲೂಬಾರದು.

"ಅಲ್ಲೇ ಯಾಕ ಎಳೀತೀರಿ ಆಯೀ?"

"ಬೆರಳ ದಾಟಬೇಕಲ್ಲೋ ತಮ್ಮಾ. ಹಳ್ಳಾ ದಾಟೂ ಮುಂದ ಧೋತರಾ ಎತ್ತಿಕೊಳ್ಳಂಗಿಲ್ಲ ನೀ? ಹಂಗ."

"ಅರ್ಥದ ಪ್ರಕಾರ ಐದs ತುಂಡು ಅದಾವ್ರಿ. ಪ್ಯಾರಾ, ಅಮೈನೋ, ಬೆಂಝೀನ್, ಸಲ್ಫೋನ್, ಅಮೈಡ್. ಐದು ಬೆರಳಿಗೆ ಐದು. ಮುಗೀತು." ನಾನು ಬೆರಳು ಮಡಚಿ ತೋರಿಸಿದೆ. ಮುಷ್ಟಿ ಆಯಿತು.

ಆಕೆ ನನ್ನ ಮುಷ್ಟಿಯನ್ನು ನೋಡಿದಳು. "ನಿಂದು ಪುಸ್ತಕದಾಗಿನ ತುಂಡು. ನಂದು ಉಸಿರಿನ ತುಂಡು. ನಿಂದs ಖರೇ ಇರಬೇಕು ಬಿಡು" ಎಂದು ಮುಂದಿನ ಪುಡಿಕೆ ಎತ್ತಿಕೊಂಡಳು. ಗೆದ್ದೆನೆಂದುಕೊಂಡೆ.

ಇನ್ನೊಂದು ಸಲ, ಜನವಿಲ್ಲದ ಒಂದು ಸಂಜೆ, ಹಟ ಮಾಡಿ ಆಕೆಯನ್ನು ಗುಮ್ಮಟದೊಳಗೆ ಕರೆದುಕೊಂಡು ಹೋದೆ. ಮೇಲೆ ಹತ್ತಲು ಆಕೆ ಒಪ್ಪಲಿಲ್ಲ. "ಸಾಕಾತಪ್ಪಾ" ಎಂದು ಕೆಳಗೆ ಕಲ್ಲಿನ ಮೇಲೆ ಕೂತಳು. ನಾನೊಬ್ಬನೇ ಸುತ್ತು ಮೆಟ್ಟಿಲು ಹತ್ತಿ, ಪಿಸುಮಾತಿನ ಅಟ್ಟದ ಮೇಲೆ ನಿಂತು, ನನ್ನ ಪುಣೆಯ ಉಚ್ಚಾರದಲ್ಲಿ ಆ ಹೆಸರನ್ನು ಒಂದೇ ಉಸಿರಿಗೆ ಕೂಗಿದೆ. ಮೊದಲನೆಯ ಮಾರ್ದನಿ ಎರಡನೆಯದರ ಮೇಲೆ ಬಿತ್ತು, ಎರಡನೆಯದು ಮೂರನೆಯದರ ಮೇಲೆ. ಇಳಿದು ಬಂದು "ಹ್ಯಾಂಗ ಕೇಳಿಸ್ತು?" ಎಂದೆ.

"ಮಾಳಗಿ ಮ್ಯಾಲಿಂದ ಯಾರೋ ಒಂದು ಚೀಲ ಕಡಲಿ ಸುರುವಿದಂಗಾತು. ಒಂದು ಕಾಳೂ ಕೈಗೆ ಸಿಗಲಿಲ್ಲ." ಸೆರಗು ಜಾಡಿಸಿ ಎದ್ದು ಹೇಳಿದಳು: "ಅಷ್ಟು ಉದ್ದ ಹೆಸರು ಯಾಕ ಇಟ್ಟಾರು ಅಂತೀ? ಹೇಳಿ ಮುಗಿಸೂತನಕ ಕೈ ತಡೀಲಿ ಅಂತ. ನೀ ನೋಡಿದ್ರ ಓಡಸ್ತೀ."

ಅದು ಹಾಗಲ್ಲ, ಹೆಸರು ಉದ್ದವಾಗುವುದಕ್ಕೆ ಬೇರೆ ಕಾರಣವಿದೆ ಎಂದು ರಸಾಯನಶಾಸ್ತ್ರ ಹೇಳತೊಡಗಿದೆ. ದಾರಿಯುದ್ದಕ್ಕೂ ಹೇಳಿದೆ. ಆಕೆ ಹೂಂ ಎನ್ನುತ್ತ ನಡೆದಳು.

ಆಕೆಯ ಈ ಹೆಸರು ಕೇಳುವ ಪದ್ಧತಿಗೆ ಒಂದು ತೊಡಕಿತ್ತು. ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಔಷಧ ಒಯ್ಯಲು ಬರುವವರಲ್ಲಿ ಮುಕ್ಕಾಲು ಪಾಲು ಹೆಂಗಸರೇ, ಅರ್ಧ ಜನ ಗಂಡಂದಿರ ಸಲುವಾಗಿ ಬಂದವರು. "ನಮ್ಮನಿಯವರಿಗೆ ರೀ" ಎಂದರೆ ಆಯಿ ಒಪ್ಪುತ್ತಿರಲಿಲ್ಲ. "ಈ ಬಾಕಿನ ಮ್ಯಾಲ ಎಂಟು ಮಂದಿ ಮನಿಯವ್ರು ಅದಾರ, ಯಾವ ಮನಿಯವ್ರು?" ಕಡೆಗೆ ಆಕೆಯೇ ದಾರಿ ತೋರಿಸಿದ್ದಳು. ಮದುವೆಯಲ್ಲಿ, ಹೊಸ್ತಿಲ ಮೇಲೆ, ಪ್ರಾಸದ ಎರಡು ಸಾಲಿನ ಒಡಪಿನೊಳಗೆ ಸೇರಿಸಿ ಗಂಡನ ಹೆಸರು ಹೇಳುವುದುಂಟಲ್ಲ, ಇಲ್ಲಿಯೂ ಹಾಗೇ ಹೇಳಿ ಎಂದು. ಹೀಗಾಗಿ ನಮ್ಮ ದವಾಖಾನೆಯಲ್ಲಿ ಕೆಮ್ಮು ನರಳಾಟಗಳ ನಡುವೆ ಒಡಪುಗಳು ಕೇಳಿಸುತ್ತಿದ್ದವು. ಒಬ್ಬಾಕೆ ಸೆರಗು ಬಾಯಿಗೆ ಹಿಡಿದು,

"ಡೋಣಿ ದಂಡ್ಯಾಗ ಬೆಳದೈತಿ ಬಿಳಿಜ್ವಾಳಾ,
ಮಲ್ಲಪ್ಪರಾಯರ ಕೆಮ್ಮಿಂದು ನಾಕು ದಿನದ ಗೋಳಾ"

ಎಂದದ್ದಕ್ಕೆ ಬಾಕಿನ ಮೇಲೆ ಕೂತಿದ್ದವರೆಲ್ಲ ನಕ್ಕು, ಹಿಂದಿನ ಮುದುಕಿಯೊಬ್ಬಳು "ಹೆಸರು ಹೇಳ್ಯಾಳೋ, ಬೈದಾಳೋ ಬೇ?" ಎಂದಿದ್ದಳು. ಒಳಗಿನಿಂದ ಡಾಕ್ಟರು ಗದರಿದರು. ಗದರಿಕೆಯಲ್ಲಿ ನಗೆ ಇತ್ತು.

ನನಗೆ ಮಾತ್ರ ಇದೆಲ್ಲ ಹೊತ್ತು ಕಳೆಯುವ ಕೆಲಸವಾಗಿ ಕಾಣುತ್ತಿತ್ತು. ಸಾಲು ಕಟ್ಟೆ ಇಳಿದು ಓಣಿಯ ತಿರುವಿನವರೆಗೆ ಹೋಗುತ್ತಿದ್ದ ದಿನಗಳು ಅವು. ಮಧ್ಯಾಹ್ನದ ಹೊತ್ತಿಗೆ ನನ್ನ ಮೊಣಕಾಲು ಮರದ ತುಂಡಾಗುತ್ತಿದ್ದವು.

ಅಂಥದ್ದೇ ಒಂದು ದಿನ. ಬೇಸಿಗೆ. ಆಯಿಗೆ ಮೈ ಕಾಯುತ್ತಿತ್ತು. ಬೆಳಗಿನ ಪುಡಿಕೆಗಳನ್ನು ಕಟ್ಟಿ ಮೇಜಿನ ಮೇಲೆ ಸೋಡಾದ್ದೊಂದು, ಸಲ್ಫಾದ್ದೊಂದು ಎಂದು ಎರಡು ಗುಂಪಾಗಿಟ್ಟು, ಗೋಡೆಗೆ ಒರಗಿ ಕಣ್ಣು ಮುಚ್ಚಿದಳು. "ಇವತ್ತ ನೀನs ಕೊಡಪಾ. ನನ್ನ ಕೈಲಿ ಆಗವಲ್ದು. ಹೆಸರು ಕೇಳು." ಕೇಳುತ್ತೇನೆ ಎಂದೆ. ಮೊದಲ ನಾಲ್ಕಾರು ಮಂದಿಗೆ ಕೇಳಿದ್ದೂ ನಿಜ. ಆಮೇಲೆ ಒಬ್ಬರ ಹಿಂದೆ ಒಬ್ಬರು ಇಬ್ಬರು ಹೆಂಗಸರು ಬಂದರು. ಒಬ್ಬಳು ನಮ್ಮ ಓಣಿಯವಳೇ, ಗಂಡನಿಗೆ ಹೊಟ್ಟೆಯುರಿ, ಸೋಡಾ ಕೊಡಬೇಕಾದದ್ದು. ಇನ್ನೊಬ್ಬಳು ತಿಕೋಟಾದ ಚಿಕ್ಕ ಪ್ರಾಯದ ಹೆಂಗಸು. ಅವಳ ಗಂಡನಿಗೆ ಕುಡುಗೋಲು ತಾಕಿ ಪಾದ ಬಾತು, ಕೆಂಪು ಮೇಲೇರತೊಡಗಿತ್ತು. ಹಿಂದಿನ ದಿನ ಗಾಡಿಯಲ್ಲಿ ತಂದು ತೋರಿಸಿಹೋಗಿದ್ದರು. ಸಲ್ಫಾ ಅವನಿಗೆ. ಇಬ್ಬರೂ "ನಮ್ಮನಿಯವರಿಗೆ" ಎಂದರು. ನಾನು ಐದು ಬೆರಳು ಮಡಚಿ, ಪ್ಯಾರಾ ಅಮೈನೋ ಬೆಂಝೀನ್ ಸಲ್ಫೋನ್ ಅಮೈಡ್ ಎಂದು ಮುಷ್ಟಿ ಮುಗಿಸಿ, ಒಬ್ಬಳ ಕೈಗೆ ಒಂದು ಗುಂಪಿನವನ್ನು, ಇನ್ನೊಬ್ಬಳ ಕೈಗೆ ಇನ್ನೊಂದು ಗುಂಪಿನವನ್ನು ಕೊಟ್ಟೆ. ತಿಕೋಟಾದವಳು ಸ್ವಲ್ಪ ಹೊತ್ತು ನಿಂತಳು, ಏನೋ ಹೇಳಲಿಕ್ಕಿದ್ದವಳ ಹಾಗೆ. "ಸರೀರಿ, ಮುಂದಿನವರು ಬರ್ರಿ" ಎಂದೆ.

ಮಧ್ಯಾಹ್ನ ಎರಡರ ಸುಮಾರಿಗೆ ಓಣಿಯವಳು ಪುಡಿಕೆ ಹಿಡಿದು ವಾಪಸು ಬಂದಳು. "ಅಲ್ರೀ, ಸೋಡಾ ಅಂದ್ರ ನಾಲಿಗಿ ಮ್ಯಾಲ ಉಪ್ಪುಪ್ಪು ಹತ್ತತೈತಿ. ಇದು ಯಾಕೋ ಒಂಚೂರು ಕಹಿ ಆಗಾಕತ್ತೈತಿ ಅಂತ ನಮ್ಮನಿಯವ್ರು ಉಗುಳ್ಯಾರ."

ನಾನು ಪುಡಿಯನ್ನು ನಾಲಗೆಗೆ ಹಚ್ಚಿ ನೋಡಿದೆ. ನೋಡಬೇಕಾಗಿರಲಿಲ್ಲ. ಆಯಿ ಕಣ್ಣು ತೆರೆದಿದ್ದಳು. ಬೈಯಲಿಲ್ಲ. ಬೈದಿದ್ದರೆ ನಾನೂ ಏನಾದರೂ ಅನ್ನುತ್ತಿದ್ದೆ.

"ಎಷ್ಟು ಬೆರಳು ಮಡಚಿದಿ?"

"ಐದೂ ರೀ."

"ಮತ್ತ ಆ ಮನಷ್ಯಾನ್ನ ಎಲ್ಲಿ ಇಟ್ಟಿ?"

ಮತ್ತೆ ಮುಷ್ಟಿ ಮಡಚಿ ನೋಡಿಕೊಂಡೆ. ಅದರಲ್ಲಿ ಜಾಗವಿರಲಿಲ್ಲ.

ಆಕೆ ಎದ್ದಳು. ಜ್ವರದ ಮೈಯಲ್ಲೇ ಸೆರಗು ಸುತ್ತಿಕೊಂಡು, ಸಲ್ಫಾದ ಪುಡಿಕೆಗಳನ್ನು ಬಟ್ಟೆಯಲ್ಲಿ ಕಟ್ಟಿಕೊಂಡಳು. ಡಾಕ್ಟರು ನಾನೊಬ್ಬನೇ ಹೋದರೆ ಸಾಕೆಂದರು. "ಅವಂಗ ಯಾರನ್ನ ಹುಡುಕಬೇಕು ಗೊತ್ತಿಲ್ರಿ. ಆ ಹೆಣ್ಣಮಗಳ ಮಾರಿ ಸೈತ ಅಂವಾ ನೋಡಿಲ್ಲ" ಎಂದಳು. ನಿಜವಾಗಿತ್ತು.

ಯುದ್ಧದ ಕಾಲದ ಮೋಟಾರು. ಪೆಟ್ರೋಲು ಸಿಗದೆ ಹಿಂಬದಿಗೆ ಒಲೆಯಂಥ ಪೀಪಾಯಿ ಕಟ್ಟಿ, ಇದ್ದಿಲು ಉರಿಸಿ, ಅದರ ಹೊಗೆಯಿಂದ ಓಡಿಸುತ್ತಿದ್ದರು. ಓಡುವುದೆಂದರೆ ಮಾತಿಗೆ. ಏರು ಬಂದಲ್ಲಿ ಎಲ್ಲರೂ ಇಳಿಯಬೇಕು, ಕ್ಲೀನರು ಹಿಂದೆ ಕೂತು ಗಾಳಿಯ ಚಕ್ರ ತಿರುವಬೇಕು. ಆಯಿ ಪ್ರತಿ ಏರಿನಲ್ಲೂ ಇಳಿದಳು, ಪ್ರತಿ ಸಲ ನನ್ನ ಭುಜ ಹಿಡಿದು ಹತ್ತಿದಳು. ಆ ದಾರಿಯಲ್ಲಿ ಒಮ್ಮೆಯೂ "ಸಾಕಾತಪ್ಪಾ" ಎನ್ನಲಿಲ್ಲ. ಅದೊಂದೇ ದಿನ ಆಕೆ ಹಾಗೆ ಅನ್ನದೆ ಇದ್ದದ್ದು. ನಾನು ಮನಸ್ಸಿನಲ್ಲೇ ಒಂದೇ ಲೆಕ್ಕ ಹಾಕುತ್ತಿದ್ದೆ: ಎಷ್ಟು ಪುಡಿಕೆ ಕೊಟ್ಟಿರಬಹುದು, ಕೆಂಪು ಎಲ್ಲಿಯವರೆಗೆ ಏರಿರಬಹುದು.

ತಿಕೋಟಾ ಮುಟ್ಟಿದಾಗ ಹೊತ್ತು ಮುಳುಗಲು ಇನ್ನೂ ಸ್ವಲ್ಪ ಇತ್ತು. ಕುಡುಗೋಲು ತಾಕಿದವನ ಮನೆ ಯಾವುದೆಂದು ಕೇಳುತ್ತ ಹೋಗಿ ಮನೆ ಸಿಕ್ಕಿತು. ಅಂಗಳದ ಹೊರಸಿನ ಮೇಲೆ ಗಂಡ ಮಲಗಿದ್ದ. ಕೆಂಪು ಮೊಣಕಾಲು ದಾಟಿತ್ತು. ಎರಡು ಹೊತ್ತಿನ ಸೋಡಾ ಅವನ ಹೊಟ್ಟೆ ಸೇರಿತ್ತು. ನಾನು ತಪ್ಪು ಒಪ್ಪಿಕೊಳ್ಳಲು ಬಾಯಿ ತೆರೆಯುವ ಮೊದಲೇ ಆ ಹೆಂಗಸು ಹೇಳಿದಳು. ಜೋರಾಗಿಯೂ ಅಲ್ಲ.

"ಮೋಟಾರದಾಗ ಬರುವಾಗ ಒಡಪು ಕೂಡಿಸ್ಕೊಂಡ ಬಂದಿದ್ನ್ರಿ, ಆಯಿ ಕೇಳ್ತಾರ ಅಂತ. ನೀವು ಕೇಳಲೇ ಇಲ್ಲ."

ಆಯಿ ಹೊರಸಿನ ಅಂಚಿಗೆ ಕೂತು, ಗಂಟು ಬಿಚ್ಚಿ, ಹೆಬ್ಬೆರಳನ್ನು ಬುಡದ ಗೆಣ್ಣಿಗಿಟ್ಟಳು. ಅವಸರದಲ್ಲಿದ್ದವನು ನಾನು, ಆಕೆಯಲ್ಲ. ಪ್ಯಾ, ರಾ, ಅ. ಮೈ, ನೋ, ಬೆನ್. ಝೀನ್ ಎಂದು ಎಳೆದು ಹಳ್ಳ ದಾಟಿದಳು. ಸಲ್, ಫೋ. ನ, ಮೈಡ್. ತುದಿಗೆ ಬಂದು ತಲೆ ಎತ್ತಿದಳು.

"ಈಗ ಹೇಳವ್ವಾ."

ಗಂಡ ಎದುರಿಗೇ ಇದ್ದಾನೆ. ಅವಳು ತಲೆ ಬಗ್ಗಿಸಿ, ಕಾಲುಂಗುರದಿಂದ ನೆಲ ಗೀರಿ, ಹೇಳಿದಳು:

"ತಿಕೋಟಿ ದಾರ್ಯಾಗ ಸಾಲಾಗಿ ಬೇವಿನ ಗಿಡಾ,
ಸಿದ್ರಾಮರಾಯರ ಕಾಲ ಬ್ಯಾನೀ, ಇನ್ನರ ನೀ ಬಿಡಾ."

ಜ್ವರದಲ್ಲಿ ಮಂಪರಾಗಿದ್ದವನು ಕಣ್ಣು ತೆರೆದು ಹೆಂಡತಿಯ ಕಡೆ ನೋಡಿದ. ಮದುವೆಯ ದಿನ ಬಿಟ್ಟರೆ ಅವಳ ಬಾಯಿಂದ ತನ್ನ ಹೆಸರು ಅವನು ಕೇಳಿರಲಿಕ್ಕಿಲ್ಲ. "ಸಿದ್ರಾಮ" ಎಂದು ಆಯಿ ಗೆಣ್ಣು ಒತ್ತಿ, ಪುಡಿ ನೀರಿಗೆ ಹಾಕಿದಳು.

ನಾನು ಮರುದಿನ ಕೆಲಸಕ್ಕೆ ಹಿಂತಿರುಗಿದೆ. ಆಕೆ ನಾಲ್ಕು ದಿನ ಅಲ್ಲೇ ಉಳಿದಳು, ತನ್ನ ಜ್ವರವನ್ನೂ ಅಲ್ಲೇ ಕಳೆದಳು. ಮನುಷ್ಯ ಉಳಿದ. ಪಾದ ಮಾತ್ರ ಮೊದಲಿನ ಹಾಗೆ ಮಡಿಸಲು ಬರಲಿಲ್ಲ. ವರ್ಷಕ್ಕೆ ಒಂದೆರಡು ಸಲ ಪೇಟೆಗೆ ಬಂದವನು ದವಾಖಾನೆಯ ಮುಂದೆ ಕಾಲೆಳೆಯುತ್ತ ಹೋಗುವುದನ್ನು ಈಗಲೂ ನೋಡುತ್ತೇನೆ. ಒಂದು ಬೆಳಗು ಮೊದಲೇ ಸರಿಯಾದ ಪುಡಿ ಹೋಗಿದ್ದರೆ ಹೀಗಾಗುತ್ತಿರಲಿಲ್ಲವೇ ಎಂದು ಡಾಕ್ಟರನ್ನು ಕೇಳಿದ್ದೆ. ಅವರು ಕನ್ನಡಕ ಒರೆಸಿ ಮುಂದಿನ ರೋಗಿಯನ್ನು ಕರೆದರು.

ಆವತ್ತಿನಿಂದ ನಾನು ಹನ್ನೆರಡು ಗೆಣ್ಣಿನವನಾದೆ. ಆಯಿ ಅದನ್ನು ನೋಡಿದಳೋ ಇಲ್ಲವೋ ತಿಳಿಯಲಿಲ್ಲ. ಯುದ್ಧ ಮುಗಿಯುವ ಹೊತ್ತಿಗೆ ಆಕೆಯ ಕಣ್ಣು ಸೋತವು. ಒಂದು ಸಂಜೆ ಅರೆಯುವ ಕಲ್ಲನ್ನು ತೊಳೆದು ಬೋರಲು ಹಾಕಿ, "ನನಗ ಈಗ ಎಲ್ಲಾ ಬಿಳೇದs ಕಾಣ್ತೈತಿ, ಪುಡಿನೂ, ಕಾಗದಾನೂ. ಸಾಕಾತಪ್ಪಾ" ಎಂದು ಬಬಲೇಶ್ವರಕ್ಕೆ, ಅಣ್ಣನ ಮಗನ ಮನೆಗೆ ಹೋದಳು. ಒಮ್ಮೆ ಹೋಗಿ ನೋಡಿ ಬರಬೇಕೆಂದುಕೊಂಡೆ. ಬಬಲೇಶ್ವರವೇನು ಮಹಾ ದೂರ! ಬೆಳಿಗ್ಗೆ ಮೋಟಾರು ಹತ್ತಿದರೆ ಹೋಗಿ ಬಂದು ಸಂಜೆಗೆ ಮನೆ. ಸ್ವಾತಂತ್ರ್ಯ ಬಂತು, ಡಾಕ್ಟರು ತೀರಿಹೋದರು, ಹೊಸಬರು ಬಂದರು. ಸಾಲು ಮಾತ್ರ ಓಣಿಯ ತಿರುವಿನವರೆಗೆ ಹಾಗೆಯೇ ಇತ್ತು. ನನ್ನ ಮೊಣಕಾಲೂ. ನಾನು ಹೋಗಲಿಲ್ಲ.

ಹೋದ ತಿಂಗಳು ನಡುವಯಸ್ಸಿನ ಒಬ್ಬ ರೈತ ಬಬಲೇಶ್ವರದಿಂದ, ಅಲ್ಲಿಯ ಡಾಕ್ಟರ ಚೀಟಿ ಹಿಡಿದು ಬಂದಿದ್ದ. ಅಲ್ಲಿ ಸಲ್ಫಾ ಮುಗಿದಿತ್ತಂತೆ. ನಾನು ಪುಡಿಕೆ ಮಡಚುತ್ತ ಗೆಣ್ಣು ಮುಟ್ಟುತ್ತ ತುದಿಗೆ ಬಂದು "ಯಾರಿಗೆ?" ಎಂದೆ. "ನಮ್ಮತ್ತಿಗ್ರಿ." "ಹೆಸರು?" ಹೇಳಿದ. ಓಣಿಗೆ ಮೂವರಿಗೆ ಇರುವಂಥ ಹೆಸರು. ಅದನ್ನು ನಾನೂ ಒಮ್ಮೆ ಹೇಳಿ, ಗೆಣ್ಣು ಒತ್ತಿ, ಕೊಟ್ಟೆ. ಅವನು ನನ್ನ ಕೈಯನ್ನೇ ನೋಡುತ್ತ ನಿಂತಿದ್ದ. "ಮುಂದಿನವರು" ಎಂದೆ.

ಮೊನ್ನೆ ಅವನು ಮತ್ತೆ ಬಂದ. ಚೀಟಿ ಇರಲಿಲ್ಲ.

"ಅತ್ತಿ ಹ್ವಾದ್ಳ್ರಿ. ಎಂಟು ದಿನ ಆತು. ತಿಳಿಸಿ ಹೋಗೂಣು ಅಂತ ಬಂದ್ನಿ."

ಇಂಥ ಹೊತ್ತಿನಲ್ಲಿ ಅನ್ನುವ ಮಾತುಗಳನ್ನು ಅಂದೆ. ನನಗೆ ಯಾಕೆ ತಿಳಿಸುತ್ತಾನೆಂದು ಹೊಳೆಯಲಿಲ್ಲ. ಅದು ಅವನಿಗೂ ಕಂಡಿರಬೇಕು.

"ಗೊತ್ತಾಗ್ಲಿಲ್ಲೇನ್ರಿ? ಇಲ್ಲೇ ನಿಮ್ಮ ಬಾಜೂಕ ಕುಂತು ಪುಡಿ ಕಟ್ತಿದ್ಳಲ್ರಿ."

ಪಕ್ಕದ ಗೋಡೆಯ ಕಡೆ ಹೊರಳಿದೆ. ಅಷ್ಟು ವರ್ಷ ಒಂದೇ ಗೋಡೆಗೆ ಒರಗಿ ಕೆಲಸ ಮಾಡಿದ್ದೆವು. ದಿನಕ್ಕೆ ನೂರು ಮಂದಿಯ ಹೆಸರು ಕೇಳಿದವಳ ಹೆಸರನ್ನು ನಾವ್ಯಾರೂ ಕೇಳಿರಲಿಲ್ಲ.

"ಆವತ್ತs ಹೇಳಬಾರದಿತ್ತೇನಪಾ? ನಾ ಬಂದು ನೋಡ್ತಿದ್ನಿ."

"ಹೇಳಬ್ಯಾಡ ಅಂದಿದ್ಳ್ರಿ. 'ನನ್ನ ಹೆಸರು ಅವಂಗ ಗೊತ್ತಿಲ್ಲ. ಗೊತ್ತಿಲ್ಲದ ಹೆಸರು ಕೇಳ್ತಾನೋ ಇಲ್ಲೋ, ಅಷ್ಟ ನೋಡ್ಕೊಂಡ ಬಾ' ಅಂದಿದ್ಳು. ನಾ ಹೊಳ್ಳಿ ಹೋದ ಕೂಡ್ಲೇ ಪುಡಿ ಕೇಳ್ಲಿಲ್ರಿ. 'ಕೇಳಿದ್ನ?' ಅಂದ್ಳು. ಕೇಳಿದ್ರು, ಕಿರಿಬೆರಳ ತುದಿ ಮುಟ್ಟಿಕೊಂಡ್ರು ಅಂದ್ನಿ. 'ಸಾಕಾತು' ಅಂದ್ಳ್ರಿ."

"ಸಾಕಾತು ಅಂದ್ರೋ, ಸಾಕಾತಪ್ಪಾ ಅಂದ್ರೋ?"

ಅವನು ನನ್ನ ಮುಖ ನೋಡಿದ. "ಎರಡೂ ಒಂದs ಅಲ್ರೀ?"

ಅಲ್ಲವೆಂದು ಅವನಿಗೆ ಹೇಗೆ ಹೇಳುವುದು? ಹೂಂ ಎಂದೆ. ಅವನು ಮೂರು ಮೆಟ್ಟಿಲು ಇಳಿದು ಹೋದ.

ಆಕೆಯ ಹೆಸರನ್ನು ಇಲ್ಲಿ ಬರೆಯಬಹುದು, ಈಗ ಗೊತ್ತಿದೆ. ಬರೆಯಲು ಕೈ ಬರುತ್ತಿಲ್ಲ. ಗೊತ್ತಿರಬೇಕಾದ ವರ್ಷಗಳಲ್ಲಿ ಗೊತ್ತಿರಲಿಲ್ಲ. ಆ ಹೆಸರು ನನ್ನ ತುದಿಯ ಗೆಣ್ಣಿನ ಮೇಲೆ ಒಂದು ಗಳಿಗೆ ಇತ್ತು. ಅಲ್ಲಿ ಯಾರ ಹೆಸರೂ ಅದಕ್ಕಿಂತ ಹೆಚ್ಚು ಹೊತ್ತು ಇರುವಂತಿಲ್ಲ. ಮುಂದಿನವರಿಗೆ ಜಾಗ ಬೇಕು.

"ಲಗೂ ಮಾಡ್ರಿ ಸಾಹೇಬ್ರ, ಬಿಸಲಾಗ ನಿಂತೇವಿ" ಎಂದಿತು ಸಾಲು. ಮುಂದಿದ್ದ ಹೆಂಗಸು ಚೀಟಿ ನೀಡಿದಳು. ಪುಡಿಕೆ ಮಡಚಿದೆ. ಪ್ಯಾ, ರಾ, ಅ. ಎಲ್ಲೂ ಓಡಿಸಲಿಲ್ಲ. ಝೀನ್ ಎಂಬಲ್ಲಿ ಎಳೆದೆ, ಪುಣೆಯಲ್ಲಿ ಕಲಿತ ಹಾಗಲ್ಲ. ತುದಿಗೆ ಬಂದು ತಲೆ ಎತ್ತಿದೆ.

"ಯಾರಿಗವ್ವಾ? ಹೆಸರು ಹೇಳು."

"ನಮ್ಮನಿಯವರಿಗ್ರಿ. ಹ್ಯಾಂಗ ಹೇಳ್ಲಿ?"

"ಒಡಪಿನಾಗ ಹೇಳು. ಸಾವಕಾಶ ಕೂಡಿಸ್ಕೋ. ಕಾಯ್ತೀನಿ."